ಕಪ್ಲರಿನ ಮೇಲಿನ ಕೆಂಪು ಬೊಟ್ಟು

ನನ್ನ ಗಂಡನ ಮನೆ ಇದ್ದದ್ದು ಗುಬ್ಬಿಯಲ್ಲಿ, ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ. ಆ ಮನೆಯಲ್ಲಿ ಎರಡು ಮಿಕ್ಸಿಗಳಿದ್ದವು. ಒಂದು ನನ್ನದು, ಇನ್ನೊಂದು ಅಕ್ಕನದು. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ನನ್ನ ವಾರಗಿತ್ತಿ, ಭಾವನವರ ಹೆಂಡತಿ. ಅವಳ ತಂದೆಯೂ ನನ್ನ ತಂದೆಯೂ ಮದುವೆಯಲ್ಲಿ ಒಂದೇ ಕಂಪನಿಯ, ಒಂದೇ ಮಾದರಿಯ ಮಿಕ್ಸಿ ಕೊಟ್ಟಿದ್ದರು. ಮೋಟರಿನ ಪೆಟ್ಟಿಗೆ ಅವಳದು ಬಿಳಿ, ನನ್ನದು ನೀಲಿ. ಸ್ಟೀಲ್ ಜಾರುಗಳ ಮೇಲೆ ಅವರವರ ಹೆಸರು ಕೊರೆಸಿತ್ತು. ನನ್ನದನ್ನು ಕುಣಿಗಲ್ಲಿನ ಪಾತ್ರೆ ಅಂಗಡಿಯವನು ಕೊರೆದಿದ್ದ. ನನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಎಲ್ಲವೂ ಇದ್ದವು. ಜಾಗ ಉಳಿದಿದ್ದರೆ ನಮ್ಮಪ್ಪ ಮನೆಯ ವಿಳಾಸವನ್ನೂ ಕೊರೆಸುತ್ತಿದ್ದರು.

ಮಾದರಿ ಒಂದೇ ಆದರೂ ಎರಡು ಮಿಕ್ಸಿಗಳ ಬಾಳು ಒಂದೇ ಥರ ಇರಲಿಲ್ಲ. ಅಕ್ಕ ನನಗಿಂತ ಆರು ವರ್ಷ ಮೊದಲೇ ಆ ಮನೆಗೆ ಬಂದವಳು. ಆಗ ಅತ್ತೆ ಇನ್ನೂ ಒರಳಿನಲ್ಲೇ ರುಬ್ಬುತ್ತಿದ್ದರು. ಅಕ್ಕನ ಮಿಕ್ಸಿಯನ್ನು ಹಳೇ ಸೀರೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದರು, ಹಬ್ಬಕ್ಕೆ ಮಾತ್ರ ಇಳಿಯುತ್ತಿತ್ತು. ಆಮೇಲೆ ನಾನು ಬಂದೆ. ನಾನು ಬೆಳಗಿನ ರೈಲು ಹಿಡಿದು ತುಮಕೂರಿಗೆ ಕೆಲಸಕ್ಕೆ ಹೋಗುವವಳು. ಚಟ್ನಿಗೆ ಒರಳಿನ ಮುಂದೆ ಕೂತರೆ ರೈಲು ನನಗಾಗಿ ಕಾಯುವುದಿಲ್ಲ. ಹಾಗಾಗಿ ನನ್ನ ಮಿಕ್ಸಿ ಅಡುಗೆಮನೆಯ ಕಟ್ಟೆಯ ಮೇಲೆ ಕೂತಿತು, ಕೂತದ್ದು ಮತ್ತೆ ಏಳಲಿಲ್ಲ. ಒಂಬತ್ತು ಜನರ ಚಟ್ನಿ, ಸಾರಿನ ಖಾರ, ದೋಸೆ ಹಿಟ್ಟು, ಕೊನೆಗೆ ಪಕ್ಕದ ಮನೆಯವರ ಮೆಣಸಿನಪುಡಿಯೂ ಅದರಲ್ಲೇ. ಐದು ವರ್ಷದಲ್ಲಿ ಅದು ಹಣ್ಣಾಯಿತು. ಅಕ್ಕನದು ಅಟ್ಟದ ಮೇಲೆ ಮದುವಣಗಿತ್ತಿಯ ಹಾಗೇ ಇತ್ತು. ನನಗೆ ಅದು ಕಣ್ಣು ಕುಕ್ಕುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನಾನು ಒಂದು ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿಕೊಡುತ್ತಿದ್ದೆ. ಕ್ಯಾತ್ಸಂದ್ರದ ಹಾಸ್ಟೆಲ್ಲುಗಳಿಂದ ಬರುವ ಹುಡುಗರೇ ಹೆಚ್ಚು. ಮೊದಲ ವಾರದಲ್ಲೇ ಒಂದು ಟ್ಯೂಬ್‌ಲೈಟನ್ನು ಮೇಜಿನ ಮೇಲೆ ಇಟ್ಟು ಬಿಚ್ಚುತ್ತಿದ್ದೆ. ಇದು ಚೋಕು, ಇದು ಸ್ಟಾರ್ಟರು, ಇದು ಕೊಳವೆ. ಸ್ಟಾರ್ಟರ್ ಹೋದರೆ ಟ್ಯೂಬ್‌ಲೈಟನ್ನೇ ಎಸೆಯುತ್ತೀರೇನು? ತಿರುಗಿಸಿ ತೆಗೆದು ಇನ್ನೊಂದು ಹಾಕುತ್ತೀರಿ. ಯಂತ್ರವನ್ನು ಬಿಡಿಬಿಡಿ ಘಟಕಗಳಾಗಿ ಮಾಡುವುದೆಂದರೆ ಇದೇ. ಪ್ರತಿ ಘಟಕಕ್ಕೂ ಅದರದೇ ಒಂದು ಕೆಲಸ. ಅದು ಕೂರುವ ಜಾಗ ಮಾತ್ರ ಎಲ್ಲ ಕಡೆಯೂ ಒಂದೇ ಅಳತೆ. ಕುಕ್ಕರಿನ ರಬ್ಬರು, ಟೀವಿಯೊಳಗಿನ ಬೋರ್ಡು, ಆಗಷ್ಟೇ ತುಮಕೂರಿಗೆ ಬರುತ್ತಿದ್ದ ಜೋಡಿಸಿದ ಕಂಪ್ಯೂಟರು, ಎಲ್ಲವೂ ಹೀಗೇ ಬದುಕುವುದು ಎನ್ನುತ್ತಿದ್ದೆ. ಮಿಕ್ಸಿಯ ಉದಾಹರಣೆಯೂ ಬರುತ್ತಿತ್ತು. ಮೋಟರಿನ ತಲೆಯ ಮೇಲೆ ಹಲ್ಲು ಹಲ್ಲಾಗಿರುವ ಒಂದು ಪುಟ್ಟ ರಬ್ಬರ್ ತುಂಡಿರುತ್ತದಲ್ಲ, ಅದು ಕಪ್ಲರ್. ಮೋಟರಿನ ತಿರುಗುವಿಕೆಯನ್ನು ಜಾರಿನೊಳಗಿನ ಬ್ಲೇಡಿಗೆ ದಾಟಿಸುವುದು ಅದೇ. ಜಾರಿನಲ್ಲಿ ಏನಾದರೂ ಸಿಕ್ಕಿಕೊಂಡರೆ ಮೊದಲು ಸವೆಯುವುದೂ ಅದೇ. ಹಾಗೆ ಬೇಕೆಂದೇ ಮಾಡಿರುತ್ತಾರೆ, ಅದು ಸವೆದರೆ ಮೋಟರು ಉಳಿಯುತ್ತದೆ.

ಲ್ಯಾಬಿನಲ್ಲಿ ನನ್ನದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಏನನ್ನಾದರೂ ಬಿಚ್ಚುವ ಮೊದಲು ಕೆಟ್ಟಿರುವ ತುಂಡಿನ ಮೇಲೆ ಕೆಂಪು ಪೇಂಟಿನಲ್ಲಿ ಒಂದು ಚುಕ್ಕೆ ಇಡಬೇಕು. ಬೆಂಕಿಕಡ್ಡಿಯ ತುದಿಯಿಂದ ಇಟ್ಟರೆ ದುಂಡಗೆ ಕೂರುತ್ತದೆ. ಇಲ್ಲದಿದ್ದರೆ ಒಳ್ಳೆಯದೂ ಕೆಟ್ಟದ್ದೂ ಮೇಜಿನ ಮೇಲೆ ಬೆರೆತು, ಕೆಟ್ಟದ್ದೇ ಮತ್ತೆ ಒಳಗೆ ಹೋಗಿ ಕೂರುತ್ತದೆ. ಈ ಚುಕ್ಕೆ ಮರೆತವರಿಗೆ ನನ್ನ ಬಾಯಿಂದ ಸಹಸ್ರನಾಮ.

ತೊಂಬತ್ತರ ದಶಕದ ಕೊನೆಗೆ ಮನೆ ಪಾಲಾಯಿತು. ದೊಡ್ಡ ಜಗಳವೇನೂ ಆಗಲಿಲ್ಲ. ನನ್ನ ಗಂಡನಿಗೂ ತುಮಕೂರಿನ ಆಫೀಸಿಗೇ ವರ್ಗವಾಗಿತ್ತು, ನಾವು ಶೆಟ್ಟಿಹಳ್ಳಿಯಲ್ಲಿ ಬಾಡಿಗೆ ಮನೆ ನೋಡಿದ್ದೆವು. ಭಾವ ಗುಬ್ಬಿಯಲ್ಲೇ ಕೊಬ್ಬರಿ ಮಂಡಿಯೊಂದರಲ್ಲಿ ರೈಟರ್ ಆಗಿದ್ದರು. ಅತ್ತೆ ಅವರ ಜೊತೆ ಇರುವುದೆಂದು ಮಾತಾಯಿತು. ಪಾತ್ರೆಪಡಗ ಹಂಚಲು ಅತ್ತೆಯ ತಮ್ಮ ಕುಣಿಗಲ್ಲಿನಿಂದ ಬರುವವರಿದ್ದರು. ಆದರೆ ಜಗಳವಿಲ್ಲ ಅಂದ ಮಾತ್ರಕ್ಕೆ ಹೊಟ್ಟೆಯೊಳಗೆ ಉರಿ ಇರಲಿಲ್ಲ ಅಂತಲ್ಲ. ಅಡುಗೆಮನೆಯಲ್ಲಿ ನಾನೂ ಅಕ್ಕನೂ ಒಂದು ತಿಂಗಳಿಂದ ಮುಖ ಕೊಟ್ಟು ಮಾತಾಡಿರಲಿಲ್ಲ. ಅವಳು ಉಪ್ಪಿನ ಡಬ್ಬವನ್ನು ನನ್ನ ಕೈಗೆ ಕೊಡದೆ ಕಟ್ಟೆಯ ಮೇಲೆ ಕುಕ್ಕುತ್ತಿದ್ದಳು, ನಾನೂ ಅಷ್ಟೇ ಜೋರಾಗಿ ಎತ್ತಿಕೊಳ್ಳುತ್ತಿದ್ದೆ.

ಪಾಲಿನ ದಿನ ಬೆಳಗ್ಗೆ ಅಕ್ಕ ಅತ್ತೆಯನ್ನು ಕರೆದುಕೊಂಡು ಮೊದಲ ಬಸ್ಸಿಗೇ ಯಡಿಯೂರಿಗೆ ಹೋದಳು. ಅವಳ ತವರು ಆ ಕಡೆಯದು, ಏನೇ ಆದರೂ ಸಿದ್ಧಲಿಂಗೇಶ್ವರನ ಗುಡಿಗೆ ಹೋಗಿಬರುವುದು ಅವಳ ಪದ್ಧತಿ. ಗಂಡಸರು ಹೊರಗಿದ್ದರು. ಹಂಚಲು ಅನುಕೂಲವಾಗಲಿ ಎಂದು ಎರಡೂ ಮಿಕ್ಸಿಗಳನ್ನು ನಡುಮನೆಯಲ್ಲಿ ಅಕ್ಕಪಕ್ಕ ಇಟ್ಟಿದ್ದರು. ನನ್ನದು ಸೋರಿ ಸೋರಿ ಕಂದಿತ್ತು. ಅವಳದು ಹೊಳೆಯುತ್ತಿತ್ತು. ನನ್ನದನ್ನು ಇಡೀ ಮನೆ ಸವೆಸಿತ್ತು, ಅವಳದನ್ನು ಇಡೀ ಮನೆ ಕಾಪಾಡಿತ್ತು. ಈಗ ನಾನು ಈ ಮುದಿ ಎತ್ತನ್ನು ಹೊಡೆದುಕೊಂಡು ಹೊಸ ಮನೆಗೆ ಹೋಗಬೇಕೇ ಅಂತ ಸಿಟ್ಟು ಬಂತು. ಇದು ದುಡ್ಡಿನ ಮಾತಾಗಿರಲಿಲ್ಲ. ಆ ಬಿಡಿಭಾಗಗಳು ತುಮಕೂರಿನ ಯಾವ ಅಂಗಡಿಯಲ್ಲಾದರೂ ಸಿಗುತ್ತಿದ್ದವು. ನನಗೆ ಬೇಕಾಗಿದ್ದದ್ದು ಅವಳದೇ.

ಸ್ಪ್ಯಾನರು, ಸ್ಕ್ರೂಡ್ರೈವರು, ಕೆಂಪು ಪೇಂಟಿನ ಪುಟ್ಟ ಡಬ್ಬಿ ನನ್ನ ಚೀಲದಲ್ಲೇ ಇರುತ್ತಿದ್ದವು. ಕಪ್ಲರನ್ನು ಬಿಚ್ಚಲು ಎಲ್ಲ ಸ್ಕ್ರೂಗಳ ಹಾಗೆ ಎಡಕ್ಕಲ್ಲ, ಬಲಕ್ಕೆ ತಿರುಗಿಸಬೇಕು. ಗೊತ್ತಿಲ್ಲದವರು ತಿಪ್ಪರಲಾಗ ಹಾಕಿದರೂ ಅದು ಬರುವುದಿಲ್ಲ. ನನಗೆ ಗೊತ್ತಿತ್ತು. ನನ್ನ ಮಿಕ್ಸಿಯ ಸವೆದ ಕಪ್ಲರು, ಮೂರು ಜಾರುಗಳ ಮೊಂಡು ಬ್ಲೇಡುಗಳು, ಅವುಗಳ ಬುಡದಲ್ಲಿ ಬ್ಲೇಡಿನ ಕಡ್ಡಿಯನ್ನು ಹಿಡಿದಿಟ್ಟು, ಈಗ ಸಡಿಲವಾಗಿ ಕಪ್ಪು ನೀರು ಬಿಡುತ್ತಿದ್ದ ಬುಷ್ಷುಗಳು, ಇವಿಷ್ಟಕ್ಕೂ ಮೊದಲು ಒಂದೊಂದು ಕೆಂಪು ಚುಕ್ಕೆ ಇಟ್ಟೆ. ಕೈ ಅಭ್ಯಾಸ. ಕಳ್ಳತನವನ್ನೂ ಲ್ಯಾಬಿನ ಶಿಸ್ತಿನಲ್ಲೇ ಮಾಡಿದೆ. ಆಮೇಲೆ ಅವನ್ನೆಲ್ಲ ಅಕ್ಕನ ಮಿಕ್ಸಿಗೆ ಹಾಕಿ, ಅವಳದನ್ನೆಲ್ಲ ನನ್ನದಕ್ಕೆ ಕೂರಿಸಿದೆ. ಒಂದೂ ತಕರಾರು ಮಾಡಲಿಲ್ಲ, ತಮ್ಮ ಸ್ವಂತ ಮನೆಗೆ ಬಂದ ಹಾಗೆ ಕೂತವು. ಜಾರಿನ ಹೊರಗೆ ಹೆಸರು ಕೊರೆದಿತ್ತು, ಒಳಗಿನ ತುಂಡುಗಳಿಗೆ ಯಾವ ಹೆಸರೂ ಇರಲಿಲ್ಲ.

ಚುಕ್ಕೆಗಳನ್ನು ಥಿನ್ನರ್ ಹಚ್ಚಿ ಅಳಿಸಬೇಕೆಂದಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಕುಣಿಗಲ್ಲಿನ ಮಾವನ, ಅತ್ತೆಯ ತಮ್ಮನ, ಕೆಮ್ಮು ಕೇಳಿಸಿತು. ಚೀಲ ಮುಚ್ಚಿ ಎದ್ದು ನೀರು ತರಲು ಹೋದೆ. ಮಧ್ಯಾಹ್ನ ಎಲ್ಲರೂ ಬಂದ ಮೇಲೆ ಪಾಲು ನಡೆಯಿತು. ಮಿಕ್ಸಿಗಳ ಸರದಿ ಬಂದಾಗ ಮಾವ ಜಾರಿನ ಹೆಸರು ಓದಿ, "ಇದ್ರಾಗೆ ಪಂಚಾಯ್ತಿ ಏನೈತೆ? ಯಾರ ಹೆಸ್ರು ಐತೋ ಅವ್ರು ತಗೊಳ್ರವ್ವ" ಎಂದರು. ಅಕ್ಕ ಬಿಳಿಯದನ್ನು ಎತ್ತಿಕೊಂಡಳು, ನಾನು ನೀಲಿಯದನ್ನು.

ಶೆಟ್ಟಿಹಳ್ಳಿಯ ಮನೆಯಲ್ಲಿ ನನ್ನ ಮಿಕ್ಸಿ ಹೊಸ ಜನ್ಮ ಎತ್ತಿದ ಹಾಗೆ ಓಡಿತು. ನಾನೂ ಅದರ ವಿಷಯ ಮರೆತೆ. ಮರೆತೆ ಅನ್ನುವುದು ಪೂರ್ತಿ ನಿಜವಲ್ಲ, ಆದರೆ ಬದುಕುವುದಕ್ಕೆ ಸಾಕಾಗುವಷ್ಟು ಮರೆತೆ.

ನಾಲ್ಕು ತಿಂಗಳಾದ ಮೇಲೆ ಅತ್ತೆಗೆ ಲಕ್ವ ಹೊಡೆಯಿತು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ಅಗಿಯಲು ಆಗುತ್ತಿರಲಿಲ್ಲ, ಚೂರು ಗಟ್ಟಿಯಾದದ್ದು ಸಿಕ್ಕಿದರೆ ನೆತ್ತಿಗೇರಿ ಕಣ್ಣು ಮೇಲಾಗುತ್ತಿತ್ತು. ಏನೇ ಕೊಟ್ಟರೂ ನುಣ್ಣಗೆ ರುಬ್ಬಿ, ಗಂಜಿಯ ಹದಕ್ಕೆ ತಂದು ಕೊಡಬೇಕೆಂದು ಡಾಕ್ಟರು ಹೇಳಿದರು. ಮುದ್ದೆ ನುಂಗಿ, ಅವರೆಕಾಳಿನ ಸಾರಿನಲ್ಲಿ ಬೆರಳು ನೆಕ್ಕುತ್ತಿದ್ದ ಜೀವ ಅದು. ಅನ್ನವನ್ನೂ ಸಾರನ್ನೂ ಸೇರಿಸಿ ರುಬ್ಬುವ ಕೆಲಸ ಅಕ್ಕನ ಪಾಲಿಗೆ ಬಂತು, ದಿನಕ್ಕೆ ಮೂರು ಹೊತ್ತು.

ಆ ಸಲ ನಾವು ಗುಬ್ಬಿಗೆ ಹೋದಾಗ ಅಕ್ಕ ಹಿತ್ತಿಲಿನ ಒರಳಿನ ಮುಂದೆ ಕಾಲು ಚಾಚಿ ಕೂತಿದ್ದಳು. ಅನ್ನ, ಹಿಸುಕಿದ ಬೇಳೆ, ಒಂದಿಷ್ಟು ಕುಂಬಳಕಾಯಿ. ಗುಂಡು ತಿರುಗಿಸುತ್ತ ಒಂದು ಕೈಯಿಂದ ರಟ್ಟೆ ಒತ್ತಿಕೊಳ್ಳುತ್ತಿದ್ದಳು.

"ಯಾಕಕ್ಕ, ಮಿಕ್ಸಿ ಏನಾಯ್ತು?" ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನನ್ನು ಯಾರೂ ಕಳ್ಳಿ ಎನ್ನುವ ಮೊದಲೇ ನಾನು ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡೆ.

"ನನ್ ಕೈಗೆ ಅದು ಆಗ್ಬರ್ಲಿಲ್ಲ ಕಣೇ," ಎಂದಳು ಅವಳು, ಒರಳಿನಿಂದ ಕಣ್ಣು ತೆಗೆಯದೆ. "ಗುರ್ ಅಂತೈತೆ, ತಿರ್ಗಾಕಿಲ್ಲ. ತಿರ್ಗುದ್ರೆ ಕರೇ ನೀರು ಬುಡ್ತೈತೆ. ಅತ್ತೆ ಊಟದಾಗೆ ಕರೇದು ಕಂಡು ನಿಮ್ ಭಾವ ತಟ್ಟೆ ಎಸುದ್ರು."

ಆಮೇಲೆ ತುಂಡು ತುಂಡಾಗಿ ತಿಳಿಯಿತು. ಭಾವ ಅವಳು ಜಾರನ್ನು ಸರಿಯಾಗಿ ತೊಳೆಯುವುದಿಲ್ಲ ಅಂದುಕೊಂಡಿದ್ದರು. ಹೆತ್ತ ತಾಯಿಗೆ ಗಲೀಜು ಪಾತ್ರೆಯಲ್ಲಿ ಊಟ ಕೊಡುತ್ತಾಳೆ ಎಂದು ಕೂಗಾಡಿದ್ದರು. ಅಕ್ಕ ಜಾರನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು, ಬಿಸಿನೀರಿನಲ್ಲಿ ನೆನೆಸಿದಳು. ಬುಷ್ಷು ಸವೆದ ಜಾರು ಯಾವ ಹುಣಸೆಹಣ್ಣಿಗೂ ಬಗ್ಗುವುದಿಲ್ಲ. ಕೊನೆಗೆ ಭಾವ ಮಿಕ್ಸಿಯನ್ನು ತಾವೇ ಅಟ್ಟಕ್ಕೆ ಏರಿಸಿ, ಇನ್ನು ಅದನ್ನು ಮುಟ್ಟಬೇಡ, ಒರಳಿನಲ್ಲೇ ರುಬ್ಬು ಎಂದಿದ್ದರು. ಎಷ್ಟು ರುಬ್ಬಿದರೂ ಒರಳಿನಲ್ಲಿ ಎಲ್ಲೋ ಒಂದು ಅಗುಳು ಉಳಿದುಬಿಡುತ್ತಿತ್ತು. ಆ ಅಗುಳಿಗೆ ಅತ್ತೆ ಕೆಮ್ಮಿದಾಗಲೆಲ್ಲ ಬೈಗುಳ ಅಕ್ಕನಿಗೆ.

ಆ ಮನೆಯಲ್ಲಿ ಅಕ್ಕನಿಗೆ ಇದ್ದ ಒಂದೇ ಆಸ್ತಿಯೆಂದರೆ ಅವಳ ಕೈಗುಣ. ಅಚ್ಚುಕಟ್ಟು, ಚೊಕ್ಕಟ, ಅವಳು ತೊಳೆದ ಪಾತ್ರೆಯಲ್ಲಿ ಮುಖ ನೋಡಬಹುದು ಎಂದು ನೆಂಟರೆಲ್ಲ ಹೇಳುತ್ತಿದ್ದರು. ನಾನು ಕಪ್ಲರಿನ ಜೊತೆಗೆ ಅದನ್ನೂ ಬಿಚ್ಚಿಕೊಂಡು ಹೋಗಿದ್ದೆ.

ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ. ಹೇಳದಿದ್ದರೆ ಹೋಗಲಿ, ಅದಕ್ಕಿಂತ ಕೀಳಾದದ್ದನ್ನು ಮಾಡಿದೆ. ಅತ್ತೆಯನ್ನು ನೋಡಲು ಬಂದಿದ್ದ ನೆಂಟರು ನಡುಮನೆಯಲ್ಲಿ ಕೂತಿದ್ದರು. ಭಾವ ಅವರ ಮುಂದೆ ಮಿಕ್ಸಿಯ ಕಥೆ ತೆಗೆದರು. "ಅಟ್ಟದ ಮ್ಯಾಲೆ ಹೊಸದ್ರಂಗೆ ಇತ್ತು. ಇವಳ ಕೈಗೆ ಬಂದು ನಾಕೇ ತಿಂಗ್ಳು, ಎಕ್ಕುಟ್ಟೋಯ್ತು. ಕೇಳಿದ್ರೆ ಮಿಷಿನ್ನೇ ಸರಿಯಿಲ್ಲ ಅಂತಾಳೆ. ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಳಂತೆ." ಎಲ್ಲರೂ ನಕ್ಕರು. ಭಾವ ನನ್ನ ಕಡೆ ತಿರುಗಿದರು. "ಇವಳೂ ಅಂಥದ್ದೇ ಮಿಕ್ಸಿ ಐದು ವರ್ಷ ಓಡ್ಸಿದ್ಳು, ಇವತ್ತಿಗೂ ಗುಂಡುಕಲ್ಲಿನಂಗೆ ಐತೆ. ನೀನೇ ಹೇಳಮ್ಮ, ನಿಂಗೆ ಗೊತ್ತಿರೋ ವಿಷ್ಯ."

ಕಾಫಿ ಲೋಟಗಳ ತಟ್ಟೆ ಹಿಡಿದು ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನಾನು, "ಬಳಸೋದು ಗೊತ್ತಿರ್ಬೇಕು ಭಾವ" ಎಂದೆ.

ಅಷ್ಟೇ ನಾನು ಆಡಿದ್ದು. ಅಕ್ಕ ಬಂದು ಎಲ್ಲರಿಗೂ ಕಾಫಿ ಕೊಟ್ಟಳು. ನನಗೆ ಕೊಡುವಾಗ ಸಕ್ಕರೆ ಕಮ್ಮಿ ಹಾಕಿದೀನಿ ನೋಡು, ನಿನಗೆ ಹಾಗೇ ಅಲ್ವಾ ಬೇಕಾಗಿರೋದು ಎಂದಳು. ಅವಳ ಮುಖದಲ್ಲಿ ನನ್ನ ಮೇಲೆ ಸಿಟ್ಟು ಹುಡುಕಿದೆ, ಸಿಗಲಿಲ್ಲ.

ನೆಂಟರು ಹೋದ ಮೇಲೆ ಅವಳೇ ನನ್ನನ್ನು ಅಡುಗೆಮನೆಗೆ ಕರೆದಳು. "ನೀನು ಕಾಲೇಜ್ನಾಗೆ ಇದ್ನೇ ಅಲ್ವೇನೇ ಹೇಳ್ಕೊಡೋದು? ಒಂದ್ಸಲ ನೋಡ್ಬುಡು. ನಂಗೆ ಬೈದ್ರೆ ಬೈಸ್ಕಂತೀನಿ, ಅತ್ತೆ ಕೆಮ್ಮೋದು ನೋಡಾಕಾಗಾಕಿಲ್ಲ." ಅಟ್ಟದಿಂದ ಮಿಕ್ಸಿ ಇಳಿಸಿದೆವು. ಅವಳು ಅದನ್ನು ಮತ್ತೆ ಅದೇ ಹಳೇ ಸೀರೆಯಲ್ಲಿ ಸುತ್ತಿದ್ದಳು. ಸೀರೆ ಬಿಚ್ಚಿದಾಗ ಕಪ್ಲರಿನ ನೆತ್ತಿಯ ಮೇಲೆ ನನ್ನ ಕೆಂಪು ಚುಕ್ಕೆ ಹಾಗೇ ಇತ್ತು, ದುಂಡಗೆ.

ಅವಳು ಅದನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

"ನೀನಿಟ್ಟ ಕುಂಕುಮ ಇನ್ನೂ ಹೋಗಿಲ್ಲ ನೋಡು" ಎಂದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಪಾಲಿನ ದಿನ ಬೆಳಗ್ಗೆ ಯಡಿಯೂರಿನಲ್ಲಿ ಅವಳು ಬೇಡಿಕೊಂಡದ್ದು ಒಂದೇ: ಮನೆ ಒಡೆದರೆ ಒಡೆಯಲಿ, ನಾವಿಬ್ಬರೂ ಒಡೆಯದ ಹಾಗೆ ನೋಡಿಕೋ ಸ್ವಾಮಿ. ಮಾರನೇ ದಿನ ಚಟ್ನಿ ಮಾಡಲು ಮಿಕ್ಸಿ ತೆಗೆದರೆ ಕಪ್ಲರಿನ ಮೇಲೆ ಒಂದು ಬೊಟ್ಟು. ಜಾರು ಮಗುಚಿದರೆ ಅಲ್ಲೂ ಒಂದು. ಆಯುಧಪೂಜೆಯಲ್ಲಿ ಹೊಲಿಗೆ ಮಿಷಿನ್ನಿಗೂ ಸೈಕಲ್ಲಿಗೂ ಇಡುತ್ತಾರಲ್ಲ, ಹಾಗೆ. ಮನೆಯಲ್ಲಿ ಅವತ್ತು ಇದ್ದವಳು ನಾನೊಬ್ಬಳೇ. ಮಿಷಿನ್ನಿನ ವಿಷಯ ತಿಳಿದವಳೂ ನಾನೇ.

"ಮಾತು ಬಿಟ್ಟಿದ್ರೂ ಹೋಗೋ ಮುಂದೆ ನನ್ ಮಿಕ್ಸಿಗೆ ಕುಂಕುಮ ಇಟ್ಟೋಗವ್ಳೆ ಅಂತ ಅವತ್ತು ಇಲ್ಲೇ ಕೂತ್ಕಂಡು ಅತ್ಬುಟ್ಟೆ ಕಣೇ. ನಿನ್ ಮ್ಯಾಲಿದ್ದ ಸಿಟ್ಟೆಲ್ಲ ಅಲ್ಲೇ ಹೋಯ್ತು. ಎಷ್ಟು ಒರ್ಸುದ್ರೂ ಹೋಗಾಕಿಲ್ಲ, ಅಷ್ಟು ಭಕ್ತಿಯಿಂದ ಇಟ್ಟಿದೀಯ. ನೀನು ಅಷ್ಟು ಮಾಡಿ ಕೊಟ್ಟ ಮಿಷಿನ್ನು, ನಾನು ಕೆಡಿಸ್ಕಂಡೆ."

ಲ್ಯಾಬಿನಲ್ಲಿ ಆ ಚುಕ್ಕೆಗೆ ಇದ್ದದ್ದು ಒಂದೇ ಅರ್ಥ, ಇದು ಕೆಟ್ಟಿದೆ, ತೆಗೆದು ಎಸೆ. ಅದನ್ನು ಅವಳು ನಾಲ್ಕು ತಿಂಗಳು ಕಣ್ಣಿಗೆ ಒತ್ತಿಕೊಂಡಿದ್ದಳು. ನಾನು ಬಿಚ್ಚಿದ ಸೀರೆಯನ್ನು ಮಡಿಸತೊಡಗಿದೆ. ಆಗಲೂ ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ಅವಳ ಮೇಲಿನ ಅಪವಾದ ಹೋಗುತ್ತಿತ್ತು, ಅವಳ ಆ ಬೊಟ್ಟೂ ಹೋಗುತ್ತಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪ. ನಿಜವಾಗಿ ನನಗೆ ನನ್ನ ಮಾನದ ಭಯ.

ಮುಂದಿನ ಭಾನುವಾರ ಹೊಸ ಕಪ್ಲರು, ಹೊಸ ಬ್ಲೇಡು, ಹೊಸ ಬುಷ್ಷುಗಳನ್ನು ತಂದು ಹಾಕಿದೆ. ಒಂದು ಗಂಟೆಯ ಕೆಲಸವೂ ಆಗಲಿಲ್ಲ. ಅವಳದನ್ನೇ ವಾಪಸು ತಂದು ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಷ್ಟರಲ್ಲಿ ಅವೂ ನನ್ನ ಮನೆಯಲ್ಲಿ ಹೊಸತನ ಕಳೆದುಕೊಂಡಿದ್ದವು. ಮಿಕ್ಸಿ ಅಕ್ಕನ ಕೈಯಲ್ಲಿ ತಿರುಗಿದಾಗ ಅವಳು ಮಗುವಿನ ಹಾಗೆ ನಕ್ಕಳು. ಅತ್ತೆ ಅವತ್ತು ಕೆಮ್ಮದೆ ಊಟ ಮಾಡಿದರು. ಹಳೆಯ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳಲು ಹೋದೆ. ಅಕ್ಕ ಕೈ ಹಿಡಿದಳು. "ಕುಂಕುಮ ಇಟ್ಟಿದ್ನ ಎಸೀಬಾರ್ದು ಕಣೇ." ಕಪ್ಲರನ್ನು ತೆಗೆದುಕೊಂಡು ದೇವರ ಗೂಡಿನಲ್ಲಿ ಇಟ್ಟಳು.

ಭಾವನವರಿಗೆ ಹೇಳಿದೆ, "ಬಿಡಿಭಾಗ ಸವೆದಿತ್ತು ಭಾವ, ಅಕ್ಕನ ತಪ್ಪೇನೂ ಇಲ್ಲ."

"ಅವಳ್ನ ವಹಿಸ್ಕಂಡು ಬರ್ಬೇಡ ಬುಡು," ಎಂದರು ಅವರು. "ಅಟ್ಟದ ಮ್ಯಾಲಿದ್ದದ್ದು ತಾನಾಗೇ ಸವೀತದಾ? ನಿನ್ನ ಮನಸ್ಸು ದೊಡ್ದು, ಅದಕ್ಕೆ ಹಂಗಂತೀಯ."

ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಅದಕ್ಕಿದ್ದ ಒಂದೇ ಉತ್ತರ ನನ್ನ ಬಾಯೊಳಗಿತ್ತು. ನಾನು ಬಸ್ಸಿಗೆ ಹೊತ್ತಾಯಿತು ಎಂದೆ.

ಇದಾದ ಮೇಲೆ ಲ್ಯಾಬಿನಲ್ಲಿ ಆ ಪಾಠವನ್ನು ಮೊದಲಿನ ಹುರುಪಿನಲ್ಲಿ ಮಾಡಲು ಆಗಲಿಲ್ಲ. ಮೊಬೈಲುಗಳು ಬಂದವು. ಹುಡುಗರು ಒಬ್ಬರ ಬ್ಯಾಟರಿ ಇನ್ನೊಬ್ಬರಿಗೆ, ಒಬ್ಬರ ಸಿಮ್ಮು ಇನ್ನೊಬ್ಬರ ಸೆಟ್ಟಿಗೆ ಹಾಕಿಕೊಂಡು ಆಡುವುದನ್ನು ನೋಡುತ್ತಿದ್ದೆ. ಒಂದರ ಜಾಗದಲ್ಲಿ ಇನ್ನೊಂದು ಸುಲಭವಾಗಿ ಕೂರಲಿ ಅಂತ ತಲೆ ಓಡಿಸಿ ಮಾಡಿದವರು ಒಳ್ಳೆಯದಕ್ಕೇ ಮಾಡಿದ್ದಾರೆ. ಬಡವರ ಮನೆಯ ಯಂತ್ರವೂ ಹತ್ತು ವರ್ಷ ಹೆಚ್ಚಿಗೆ ಬದುಕುವುದು ಅದರಿಂದಲೇ. ಅಷ್ಟನ್ನು ಹೇಳಿ ಪಾಠ ಮುಗಿಸುತ್ತಿದ್ದೆ. ಕೆಂಪು ಪೇಂಟಿನ ಬದಲು ನೀಲಿ ತರಿಸಿದೆ. ಯಾಕೆ ಮೇಡಂ ಎಂದು ಕೇಳಿದವರಿಗೆ ಕೆಂಪು ಸಿಗಲಿಲ್ಲ ಎಂದೆ.

ಅತ್ತೆ ಮೂರು ವರ್ಷ ಹಾಗೇ ಇದ್ದು ತೀರಿಕೊಂಡರು. ಭಾವ ಈಗಲೂ ನಾಲ್ಕು ಜನ ಸೇರಿದಾಗ ಹೊಸ ಮಿಕ್ಸಿಯನ್ನು ನಾಲ್ಕೇ ತಿಂಗಳಲ್ಲಿ ಕೆಡಿಸಿದ ಹೆಂಡತಿಯ ಕಥೆ ಹೇಳುತ್ತಾರೆ. ನೆಂಟರು ನಗುತ್ತಾರೆ, ಅಕ್ಕನೂ ಸೆರಗು ಬಾಯಿಗೆ ಹಿಡಿದು ನಗುತ್ತಾಳೆ. ಅವಳು ಅದನ್ನು ನಂಬಿಬಿಟ್ಟಿದ್ದಾಳೆ. ಫ್ರಿಜ್ಜು ಬಂದಾಗ, ವಾಷಿಂಗ್ ಮಿಷಿನ್ ಬಂದಾಗ ಸೊಸೆಯನ್ನು ಕರೆದು, ನನ್ ಕೈಗೆ ಮಿಷಿನ್ ಆಗಾಕಿಲ್ಲ, ನೀನೇ ಹಾಕವ್ವ ಎಂದು ದೂರ ನಿಂತಳು.

ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ದಿನ ಅವಳ ಫೋನ್ ಬರುತ್ತದೆ. "ನೀನು ಬಂದೇ ಇಡ್ಬೇಕು ಕಣೇ. ನಿನ್ ಕೈ ಬೊಟ್ಟು ಬಿದ್ರೆ ಮಿಷಿನ್ನು ಕೆಡಾಕಿಲ್ಲ." ನಾನು ಹೋಗುತ್ತೇನೆ. ಹೋಗದಿರಲು ಒಂದೊಂದು ವರ್ಷ ಒಂದೊಂದು ನೆಪ ಯೋಚಿಸುತ್ತೇನೆ, ಆದರೂ ಹೋಗುತ್ತೇನೆ. ಮಿಕ್ಸಿ, ಫ್ರಿಜ್ಜು, ಸ್ಕೂಟರು ಎಲ್ಲವೂ ತೊಳೆಸಿಕೊಂಡು ವಿಭೂತಿ ಧರಿಸಿ ಸಾಲಾಗಿ ಕಾಯುತ್ತಿರುತ್ತವೆ. ಅವಳು ಮೊದಲು ದೇವರ ಗೂಡಿನಿಂದ ಆ ಸವೆದ ಕಪ್ಲರನ್ನು ತಂದು ಎಲೆಯ ಮೇಲೆ ನನ್ನ ಮುಂದೆ ಇಡುತ್ತಾಳೆ.

"ಮೊದ್ಲು ಇದ್ಕೆ ಇಡು" ಎನ್ನುತ್ತಾಳೆ.

ಹಳೇ ಕೆಂಪು ಚುಕ್ಕೆಯ ಮೇಲೆ ಕುಂಕುಮ ಇಡುವಾಗ ಹೋದ ವರ್ಷ ನೋಡಲಾಗದೆ ನಾನು ಕಣ್ಣು ಮುಚ್ಚಿದೆ. ಅಕ್ಕ ಅದನ್ನು ನೋಡಿ ತಾನೂ ಕೈ ಮುಗಿದಳು.